ಹಳೆ ಸ್ಲ್ಯಾಶರ್: ಗುಜರಿಗೋ, ತೋಟಕ್ಕೋ?

ಯಂತ್ರ: ಟ್ರ್ಯಾಕ್ಟರ್ ಹಿಂದಿನ ಮೂರು ಲಿಂಕಿಗೆ ಕಟ್ಟಿ ಹುಲ್ಲು ಹೊಡೆಯುವ 5 ಅಡಿಯ ಸ್ಲ್ಯಾಶರ್. ಒಂದು ಗೇರ್‌ಬಾಕ್ಸ್, ಎರಡು ಬ್ಲೇಡ್, 4 ಮಿ.ಮೀ. ತಗಡಿನ ಮೈ.
ಟ್ರ್ಯಾಕ್ಟರ್: 42 ಎಚ್‌ಪಿ, ಪಿಟಿಒ (ಎಂಜಿನಿನ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟು) ನಿಮಿಷಕ್ಕೆ 540 ಸುತ್ತು.
ಕೆಲಸ: 6 ಎಕರೆ ತೆಂಗಿನ ತೋಟ, ಮರದಿಂದ ಮರಕ್ಕೆ 27 ಅಡಿ, ವರ್ಷಕ್ಕೆ ನಾಲ್ಕು ಸಲ ಹುಲ್ಲು ಹೊಡೆಯುವುದು.
ದೂರು: ಗೇರ್‌ಬಾಕ್ಸ್ ಅಡಿಯಿಂದ ಆಯಿಲ್ ಸೋರಿಕೆ, ಸೀಟಿನವರೆಗೂ ಬರುವ ನಡುಕ, ಹುಲ್ಲು ಕತ್ತರಿಸದೆ ಸೀಳಿ ಬಿಡುವುದು.

ಇಂಥ ಯಂತ್ರದ ಬೆಲೆ ಕಟ್ಟುವಾಗ ಎಲ್ಲರೂ ಮೊದಲು ನೋಡುವುದು ತುಕ್ಕು. ತುಕ್ಕಿಗೆ ಇಲ್ಲಿ ಅಷ್ಟು ಮಹತ್ವವಿಲ್ಲ. ತಗಡು ತೂತು ಬಿದ್ದಿದ್ದರೂ ತೇಪೆ ಹಾಕಬಹುದು. ಇಟ್ಟುಕೊಳ್ಳಬೇಕೋ ಬೇಡವೋ ಎನ್ನುವುದನ್ನು ಹೇಳುವುದು ಎರಡೇ ಜಾಗ: ಗೇರ್‌ಬಾಕ್ಸಿನ ಕೆಳಗಿನ ಶಾಫ್ಟು, ಮತ್ತು ಆ ಗೇರ್‌ಬಾಕ್ಸನ್ನು ಹೊತ್ತಿರುವ ಪ್ಲೇಟು. ಹಾಗಾಗಿ ಕೆಲಸ ಶುರುವಾದದ್ದೂ ಅಲ್ಲಿಂದಲೇ.

ಬಿಚ್ಚುವ ಮೊದಲು

ಟ್ರ್ಯಾಕ್ಟರ್ ಆಫ್, ಕೀಲಿ ಜೇಬಿನಲ್ಲಿ, ಪಿಟಿಒ ಶಾಫ್ಟು ಕಳಚಿ ಬದಿಗೆ. ಸ್ಲ್ಯಾಶರನ್ನು ಎತ್ತಿ ನಾಲ್ಕು ಮೂಲೆಗೂ ಮರದ ದಿಮ್ಮಿ ಕೊಟ್ಟಾಯಿತು. ಹೈಡ್ರಾಲಿಕ್ ಲಿಫ್ಟನ್ನು ನಂಬಿ ಕೆಳಗೆ ತಲೆ ಹಾಕಬೇಡಿ. ಸಿಮೆಂಟ್ ಬ್ಲಾಕನ್ನೂ ನಂಬಬೇಡಿ, ಅದು ಬಿರುಕು ತೋರಿಸುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸುವುದಾದರೆ ಮೊದಲು ಆಯಿಲ್ ಇಳಿಸಿ, ಇಲ್ಲದಿದ್ದರೆ ಗೇರ್‌ಬಾಕ್ಸಿನ ಉಸಿರು ತೂತಿನಿಂದ (ಒಳಗಿನ ಗಾಳಿ ಹೊರಹೋಗುವ ತೂತು) ಪೂರ್ತಿ ನೆಲಕ್ಕೆ ಹೋಗುತ್ತದೆ.

ಹೆಸರಿನ ಪ್ಲೇಟು ಉದುರಿಹೋಗಿದ್ದರಿಂದ ಗೇರ್ ಅನುಪಾತವನ್ನು ಕೈಯಲ್ಲೇ ಎಣಿಸಬೇಕಾಯಿತು. ಗೇರ್‌ಬಾಕ್ಸಿನ ಮುಂದಿನ, ಪಿಟಿಒ ಬಂದು ಸೇರುವ ಶಾಫ್ಟಿಗೂ ಕೆಳಗೆ ಬ್ಲೇಡುಗಳನ್ನು ಹಿಡಿದು ಸುತ್ತುವ ಬ್ಲೇಡ್ ಹೋಲ್ಡರಿಗೂ ಸೀಮೆಸುಣ್ಣದ ಗೆರೆ ಎಳೆದು ಶಾಫ್ಟನ್ನು ಸರಿಯಾಗಿ ಹತ್ತು ಸುತ್ತು ತಿರುಗಿಸಿದರೆ, ಹೋಲ್ಡರ್ ಹದಿನಾಲ್ಕು ಸುತ್ತು ಮುಗಿಸಿ ಮುಕ್ಕಾಲು ಸುತ್ತಿಗೆ ಚೂರು ಮುಂಚೆ ನಿಂತಿತು. ಅಂದರೆ 1:1.47. ಪಿಟಿಒ 540ರಲ್ಲಿ ಬ್ಲೇಡು ನಿಮಿಷಕ್ಕೆ 794 ಸುತ್ತು. ಬ್ಲೇಡಿನ ತುದಿ ಸುತ್ತುವ ವೃತ್ತದ ವ್ಯಾಸ 1.5 ಮೀಟರ್ ಇದ್ದುದರಿಂದ ತುದಿಯ ವೇಗ ಸೆಕೆಂಡಿಗೆ 62 ಮೀಟರ್, ಗಂಟೆಗೆ ಸುಮಾರು 225 ಕಿ.ಮೀ. ಹುಲ್ಲು ಕತ್ತರಿಸಲು ಇದು ಸಾಕು. ಡೀಸೆಲ್ ಉಳಿಯಲಿ ಎಂದು ಆಕ್ಸಿಲರೇಟರ್ ಇಳಿಸಿ ಓಡಿಸಿದರೆ ಈ ವೇಗ ಬರುವುದಿಲ್ಲ, ಹುಲ್ಲು ಸೀಳುತ್ತದೆ. ಟ್ರ್ಯಾಕ್ಟರಿನ ಮೀಟರಿನಲ್ಲಿ ಪಿಟಿಒ ಗುರುತು ಎಲ್ಲಿದೆಯೋ ಅಲ್ಲೇ ಮುಳ್ಳು ನಿಲ್ಲಬೇಕು. 1000ದ ಪಿಟಿಒ ಇರುವ ಟ್ರ್ಯಾಕ್ಟರಿಗೆ ಇದೇ ಸ್ಲ್ಯಾಶರ್ ಕಟ್ಟಿ ಲಿವರ್ ತಪ್ಪಿ ಹಾಕಿದರೆ ಬ್ಲೇಡು 1470 ಸುತ್ತುತ್ತದೆ. ಆಮೇಲೆ ಮಾರುವ ಪ್ರಶ್ನೆಯೇ ಉಳಿಯುವುದಿಲ್ಲ.

ಸಡಿಲ ಎಷ್ಟಿದೆ ಎಂದು ಎರಡು ರೀತಿ ನೋಡಿದ್ದಾಯಿತು. ಮೊದಲನೆಯದು, ಮುಂದಿನ ಶಾಫ್ಟನ್ನು ಪೈಪ್ ರೆಂಚಿನಲ್ಲಿ ಅಲುಗದಂತೆ ಹಿಡಿದು ಹೋಲ್ಡರನ್ನು ಅತ್ತಿತ್ತ ಆಡಿಸುವುದು. ಬ್ಲೇಡ್ ಬೋಲ್ಟಿನ ಹತ್ತಿರ, ಅಂದರೆ ನಡುವಿನಿಂದ 45 ಸೆಂ.ಮೀ. ದೂರದಲ್ಲಿ, 6 ಮಿ.ಮೀ. ಆಡಿತು. ಈ ಅಳತೆಯ ಗೇರ್‌ಬಾಕ್ಸಿಗೆ ನಾಲ್ಕೈದು ಮಿ.ಮೀ. ಸಹಜ, ಹನ್ನೆರಡು ದಾಟಿದರೆ ಹಲ್ಲು ಸವೆದಿದೆ ಎಂದು ಹಿಡಿಯಬಹುದು. ಎರಡನೆಯದು, ಹೋಲ್ಡರ್ ಅಡಿಗೆ ಹಾರೆ ಕೊಟ್ಟು ಮೇಲಕ್ಕೆ ಮೀಟುವುದು. ಡಯಲ್ ಗೇಜ್ 0.6 ಮಿ.ಮೀ. ತೋರಿಸಿತು. ಮೇಲೆ ಕೆಳಗೆ ಆಡಲೇಬಾರದ ಶಾಫ್ಟು ಇದು. ಗೇಜ್ ಇಲ್ಲದಿದ್ದರೂ ಪರವಾಗಿಲ್ಲ, ಇಷ್ಟು ಸಡಿಲವಿದ್ದರೆ ಹಾರೆ ಹಿಡಿದ ಕೈಗೆ ಟಕ್ ಎನ್ನುವುದು ತಿಳಿಯುತ್ತದೆ. ಹಲ್ಲು ಸರಿ ಇದೆ, ಬೇರಿಂಗ್ ಹೋಗಿದೆ: ಬಿಚ್ಚುವ ಮೊದಲೇ ಸಿಕ್ಕ ಸುಳಿವು ಇದು.

ಆಯಿಲ್ ಇಳಿಸಿದಾಗ

ಒಂದೂವರೆ ಲೀಟರ್ ಇರಬೇಕಾದಲ್ಲಿ ಬಂದದ್ದು 400 ಮಿ.ಲೀ., ಅದೂ ಹಾಲು ಬೆರೆಸಿದ ಕಾಫಿಯ ಬಣ್ಣ. ನೀರು ಸೇರಿದೆ. ಇಳಿದ ಆಯಿಲಿನೊಳಗೆ ಅಯಸ್ಕಾಂತ ಆಡಿಸಿದರೆ ಬೂದಿ ಬಣ್ಣದ ನುಣ್ಣನೆ ಪೇಸ್ಟು ಅಂಟಿತು. ಅದು ಮಾಮೂಲಿ ಸವಕಳಿ. ಜೊತೆಗೆ ಉಗುರು ಕತ್ತರಿಸಿ ಎಸೆದಂಥ ಎರಡು ತೆಳು ಚಕ್ಕೆ. ಹೀಗೆ ತೆಳ್ಳಗೆ, ಬಾಗಿದಂತಿರುವ ಚಕ್ಕೆ ಬೇರಿಂಗಿನ ಓಟದ ಮೇಲ್ಮೈಯಿಂದ ಏಳುತ್ತದೆ. ಮೂಲೆ ಮೂಲೆಯಾದ ದಪ್ಪ ತುಂಡು ಬಂದರೆ ಅದು ಗೇರಿನ ಹಲ್ಲು. ಹಾಗೆ ಬಂದಿದ್ದರೆ ಕ್ರೌನ್ ಪಿನಿಯನ್ (ಒಂದಕ್ಕೊಂದು ಕಚ್ಚಿ ತಿರುಗುವ ಎರಡು ಗೇರು) ಜೋಡಿಯಾಗಿ ಬದಲಿಸಬೇಕಿತ್ತು, ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ. ಆಗ ಇಡೀ ಗೇರ್‌ಬಾಕ್ಸ್ ಬೆಲೆ ಕೇಳಿಕೊಂಡೇ ಮುಂದುವರಿಯುವುದು ಜಾಣತನ.

ಮೇಲಿನ ಆಯಿಲ್ ಮುಚ್ಚಳದಲ್ಲಿ ಒಂದು ಸಣ್ಣ ಉಸಿರು ತೂತು ಇರುತ್ತದೆ. ಇದರಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಓಡುವಾಗ ಗೇರ್‌ಬಾಕ್ಸ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಸೀಲಿನ (ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಅಂಚಿನಿಂದ ಆಯಿಲನ್ನೇ ನೂಕುತ್ತದೆ. ತಣ್ಣಗಾದಾಗ ಅದೇ ಅಂಚಿನಿಂದ ತೇವ ಒಳಕ್ಕೆ ಎಳೆಯುತ್ತದೆ. "ಎಷ್ಟು ಸಲ ಸೀಲ್ ಹಾಕಿಸಿದರೂ ನಿಲ್ಲಲ್ಲ" ಎನ್ನುವವರು ಮೊದಲು ಇಲ್ಲೊಂದು ಸೂಜಿ ಆಡಿಸಬೇಕು.

ಸೋರುತ್ತದೆ ಎಂದು ಆಯಿಲ್ ಬದಲು ಗ್ರೀಸ್ ತುಂಬುವ ರೂಢಿಯೂ ಇದೆ. ಗಟ್ಟಿ ಗ್ರೀಸು ಗೇರ್ ತಿರುಗಿದಂತೆ ಗೋಡೆಗೆ ಎಸೆದು ಅಲ್ಲೇ ಕೂರುತ್ತದೆ. ನಡುವೆ ಗೇರು ಒಣಗುತ್ತದೆ, ಮೇಲಿನ ಬೇರಿಂಗಿಗಂತೂ ಏನೂ ತಲುಪುವುದಿಲ್ಲ. ತೀರಾ ಅನಿವಾರ್ಯವಾದರೆ 00 ದರ್ಜೆಯ, ಅಂಬಲಿಯಂತೆ ಹರಿಯುವ ಗ್ರೀಸ್ ಹಾಕಿ ಆ ಹಂಗಾಮು ಮುಗಿಸಬಹುದು, ಅಷ್ಟೇ.

ಹೋಲ್ಡರ್ ಕೆಳಗೆ ಸಿಕ್ಕಿದ್ದು

ಸ್ಪ್ಲಿಟ್ ಪಿನ್ ತೆಗೆದು, ಹೋಲ್ಡರನ್ನು ಶಾಫ್ಟಿಗೆ ಬಿಗಿದಿಡುವ ಕ್ಯಾಸಲ್ ನಟ್ಟಿಗೆ (ಪಿನ್ ಕೂರಲು ತಲೆಯಲ್ಲಿ ಕಚ್ಚುಗಳಿರುವ ನಟ್ಟು) ಸ್ಪ್ಯಾನರ್ ಹಾಕಿದರೆ ಅದು ಕೈಬಲದಲ್ಲೇ ಬಂತು. ನಾಲ್ಕು ಅಡಿ ಪೈಪು ಸಿಕ್ಕಿಸಿ ಜೋತುಬಿದ್ದರೂ ಬರಬಾರದ ನಟ್ಟು ಅದು. ಪುಲ್ಲರಿನಲ್ಲಿ ಹೋಲ್ಡರ್ ಎಳೆದ ಮೇಲೆ ಶಾಫ್ಟಿನ ಸುತ್ತ ಕಪ್ಪು ಬಳೆಯೊಂದು ಕಂಡಿತು, ಬೆರಳ ದಪ್ಪ, ಕಲ್ಲಿನಂತೆ ಗಟ್ಟಿ. ಚಾಕುವಿನಿಂದ ಕೊಯ್ದರೆ ಪದರ ಪದರ: ಕರಗಿ ಒಂದಾದ 16 ಮಿ.ಮೀ. ಡ್ರಿಪ್ ಪೈಪು, ಗೊಬ್ಬರದ ಚೀಲದ ಬಿಳಿ ದಾರ, ತೆಂಗಿನ ನಾರು. ಸೀಲಿನ ತುಟಿಯನ್ನು ಈ ಬಳೆ ಒಂದು ಬದಿಯಲ್ಲಿ ಪೂರ್ತಿ ಅರೆದುಬಿಟ್ಟಿತ್ತು. ತೋಟದಲ್ಲಿ ಓಡಿದ ಸ್ಲ್ಯಾಶರ್ ಸೋರುತ್ತಿದೆ ಎಂದರೆ ಹೆಚ್ಚಿನ ಸಲ ಇಲ್ಲೇ ಏನೋ ಸುತ್ತಿಕೊಂಡಿರುತ್ತದೆ ಎಂದೇ ತಿಳಿಯಿರಿ. ಹಂಗಾಮಿಗೆ ಎರಡು ಸಲ ಹೋಲ್ಡರ್ ಮೇಲೆ ಟಾರ್ಚ್ ಹಿಡಿದು ನೋಡಿ ಕೊಯ್ದು ತೆಗೆದರೆ ಸೀಲ್ ವರ್ಷಗಟ್ಟಲೆ ಬಾಳುತ್ತದೆ.

ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಸಿಕ್ಕುವಂಥ ಗೀರು ಬಿದ್ದಿತ್ತು. ಹೊಸ ಸೀಲನ್ನು ಅದೇ ಜಾಗಕ್ಕೆ ಕೂರಿಸಿದರೆ ಮೊದಲ ದಿನವೇ ಸೋರುತ್ತದೆ. ಸೀಲಿನ ಗೂಡಿನಲ್ಲಿ ಜಾಗವಿದ್ದುದರಿಂದ ಸೀಲನ್ನು 3 ಮಿ.ಮೀ. ಒಳಕ್ಕೆ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡಿದ್ದಾಯಿತು. ಜಾಗ ಇಲ್ಲದಿದ್ದರೆ ಲೇತ್ ಅಂಗಡಿಯಲ್ಲಿ ತೆಳು ಸ್ಲೀವ್ ಹಾಕಿಸಬೇಕು. ಸೀಲ್ ಕೇಳುವಾಗ ಯಂತ್ರದ ಹೆಸರು ಹೇಳಬೇಡಿ, ಹಳೆ ಸೀಲಿನ ಮೇಲಿನ ಮೂರು ಸಂಖ್ಯೆ ಹೇಳಿ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಸ್ಪ್ರಿಂಗ್ ಕಾಣುವ ಮುಖ ಆಯಿಲಿನ ಕಡೆಗೆ. ಅದರ ಕೆಳಗೆ ಇನ್ನೊಂದು ಸೀಲನ್ನು ತಿರುಗಾಮುರುಗಾ ಇಟ್ಟು ನಡುವೆ ಗ್ರೀಸ್ ತುಂಬಿದ್ದಾಯಿತು. ಮೇಲಿನದು ಆಯಿಲ್ ಹಿಡಿಯುತ್ತದೆ, ಕೆಳಗಿನದು ಮಣ್ಣು ತಡೆಯುತ್ತದೆ.

ಕೆಳಗಿನ ಬೇರಿಂಗಿನ ಮೇಲೆ 30208 ಎಂದಿತ್ತು, ಅಂದರೆ 40 ಮಿ.ಮೀ. ಒಳ, 80 ಮಿ.ಮೀ. ಹೊರ ವ್ಯಾಸದ ಟೇಪರ್ ರೋಲರ್. ಹೊರ ಬಳೆಯಲ್ಲಿ ಒಂದು ಕಡೆ ಕಡಲೆಕಾಳಷ್ಟು ಚಕ್ಕೆ ಎದ್ದಿತ್ತು. ಇಲ್ಲಿ ಇನ್ನೊಂದು ಪರೀಕ್ಷೆ ಮುಖ್ಯ: ಬೇರಿಂಗ್ ಕೂರುವ ಗೂಡು. ಹೊರ ಬಳೆ ಗೂಡಿನಲ್ಲಿ ಕೈಯಲ್ಲೇ ತಿರುಗಿದರೆ, ಅಥವಾ ಗೂಡಿನಲ್ಲಿ ಕನ್ನಡಿಯಂತೆ ಹೊಳೆಯುವ ಉಜ್ಜು ಗುರುತಿದ್ದರೆ, ಎರಕದ ಮೈ ಸವೆದಿದೆ. ಅದಕ್ಕೆ ಪಂಚಿನಿಂದ ಚುಕ್ಕಿ ಹೊಡೆದು ಅಂಟು ಬಳಿದು ಕೂರಿಸುವುದೆಲ್ಲ ಮಾರುವವರ ಕೆಲಸ, ಇಟ್ಟುಕೊಳ್ಳುವವರದಲ್ಲ. ಈ ಯಂತ್ರದಲ್ಲಿ ಬಳೆಯನ್ನು ಬಡಿದೇ ಹೊರತೆಗೆಯಬೇಕಾಯಿತು, ಗೂಡು ಗಟ್ಟಿ. ಇಟ್ಟುಕೊಳ್ಳುವ ಕಡೆಗೆ ತಕ್ಕಡಿ ವಾಲಿದ್ದು ಇಲ್ಲಿ.

ಹೊಸ ಬೇರಿಂಗಿನ ಒಳ ಬಳೆಯನ್ನು ಆಯಿಲಿನಲ್ಲಿ ಅದ್ದಿ 100 ಡಿಗ್ರಿಯಷ್ಟು ಕಾಯಿಸಿದರೆ ಶಾಫ್ಟಿಗೆ ತಾನಾಗಿ ಜಾರಿ ಕೂರುತ್ತದೆ. ಗ್ಯಾಸ್ ಕಟರ್ ಬೆಂಕಿ ತೋರಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಬಿಚ್ಚುವಾಗ ಸಿಕ್ಕ ತೆಳು ಶಿಮ್ಮುಗಳನ್ನು (ಸಡಿಲ ಸರಿಪಡಿಸಲು ಇಡುವ ತಗಡಿನ ಬಳೆ) ಯಾವ ಬದಿಯವು ಎಂದು ತಂತಿಗೆ ಪೋಣಿಸಿಡಿ. ಜೋಡಿಸಿದ ಮೇಲೆ ಶಾಫ್ಟು ಮೇಲೆ ಕೆಳಗೆ ಆಡಬಾರದು, ಕೈಯಲ್ಲಿ ತಿರುಗಿಸಿದರೆ ಚೂರು ಬಿಗಿಯೆನಿಸಬೇಕು. ಇಲ್ಲಿ 0.2 ಮಿ.ಮೀ. ಶಿಮ್ ಒಂದನ್ನು ತೆಗೆದಾಗ ಆ ಹದ ಬಂತು. ಹಲ್ಲಿಗೆ ಹಲ್ಲು ಎಲ್ಲಿ ಕೂರುತ್ತಿದೆ ಎಂದು ನೋಡಲು ನೀಲಿ ಪೇಸ್ಟ್ ಸಿಗದಿದ್ದರೆ ಕುಂಕುಮವನ್ನು ಗ್ರೀಸಿನಲ್ಲಿ ಕಲಸಿ ತೆಳ್ಳಗೆ ಬಳಿಯಿರಿ. ಗುರುತು ಹಲ್ಲಿನ ನಡುವೆ ಬರಬೇಕು. ಅಂಚಿಗೆ ಬಂದರೆ ಶಿಮ್ ಮತ್ತೆ ಬದಲಿಸಿ. ಕೊನೆಗೆ ಇಪಿ 90 ಗೇರ್ ಆಯಿಲ್, ಮಟ್ಟದ ಬೋಲ್ಟಿನ ತೂತಿನಿಂದ ಹನಿ ಬರುವವರೆಗೆ.

ನಡುಕದ ಮೂಲ

ಎರಡು ಬ್ಲೇಡನ್ನೂ ಕಳಚಿ ಅಂಗಡಿಯ ತಕ್ಕಡಿಗೆ ಹಾಕಿದಾಗ ನಡುಕಕ್ಕೂ ಅದರ ಜೊತೆಯ ತೊಂದರೆಗಳಿಗೂ ಒಂದೇ ಬೇರು ಸಿಕ್ಕಿತು. ಒಂದು 4.15 ಕೆ.ಜಿ., ಇನ್ನೊಂದು 3.90. ಯಾವಾಗಲೋ ಒಂದು ಮುರಿದಾಗ ಅದೊಂದನ್ನೇ ಹೊಸದು ಹಾಕಿದ್ದಾರೆ. 250 ಗ್ರಾಂ ತಾನೇ ಎನ್ನಬೇಡಿ. ನಡುವಿನಿಂದ 60 ಸೆಂ.ಮೀ. ದೂರದಲ್ಲಿ ನಿಮಿಷಕ್ಕೆ 794 ಸುತ್ತು ತಿರುಗುವಾಗ ಆ 250 ಗ್ರಾಂ ಸುಮಾರು 100 ಕೆ.ಜಿ. ಎಳೆತವಾಗುತ್ತದೆ, ಅದೂ ಸೆಕೆಂಡಿಗೆ ಹದಿಮೂರು ಸಲ ಸುತ್ತ ತಿರುಗುತ್ತಾ. ಕ್ಯಾಸಲ್ ನಟ್ ಸಡಿಲವಾದದ್ದು, ಬೇರಿಂಗಿನಲ್ಲಿ ಚಕ್ಕೆ ಎದ್ದದ್ದು, ಮುಂದೆ ಹೇಳುವ ಪ್ಲೇಟಿನ ಬಿರುಕು, ಎಲ್ಲವೂ ಇದರ ಮಕ್ಕಳು.

ಬ್ಲೇಡನ್ನು ಜೋಡಿಯಾಗಿಯೇ ಬದಲಿಸಿ, ತೂಕದ ವ್ಯತ್ಯಾಸ 20 ಗ್ರಾಂ ಒಳಗಿರಲಿ. ಹೆಚ್ಚಿದ್ದರೆ ಭಾರದ್ದರ ಅಂಚನ್ನು ಉಜ್ಜಿ ಸಮ ಮಾಡಿ. ಚೂರಿಯಂತೆ ಹರಿತ ಮಾಡಬೇಡಿ, ಒಂದೂವರೆ ಮಿ.ಮೀ. ದಪ್ಪದ ಮೊಂಡು ಅಂಚು ಉಳಿಯಬೇಕು. ಇಲ್ಲಿ ಕೊಯ್ಯುವುದು ವೇಗ, ಅಲಗಲ್ಲ. ಚೂಪು ಅಂಚು ಮೊದಲ ಕಲ್ಲಿಗೇ ಮಡಿಚಿಕೊಳ್ಳುತ್ತದೆ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಬೇಡವೇ ಬೇಡ. ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸುವವರಿದ್ದಾರೆ. ಉಕ್ಕು ಒಳ್ಳೆಯದೇ, ಆದರೆ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ ಮೇಲೆ ಹದ ಎಷ್ಟು ಉಳಿಯಿತೆಂದು ಯಾರೂ ಹೇಳಲಾರರು, ಗಂಟೆಗೆ 225 ಕಿ.ಮೀ. ವೇಗದಲ್ಲಿ ತುಂಡಾದರೆ ಅದು ಗುಂಡು. ಬೋಲ್ಟು ಬಿಗಿದ ಮೇಲೆ ಬ್ಲೇಡು ಕೈಯಲ್ಲಿ ತಳ್ಳಿದರೆ ಸುತ್ತಬೇಕು. ತುಕ್ಕಿಗೆ ಕಚ್ಚಿ ನಿಂತಿದ್ದರೆ ಕಲ್ಲು ಹೊಡೆದಾಗ ಹಿಂದಕ್ಕೆ ಮಡಿಚಿಕೊಳ್ಳದೆ ಪೆಟ್ಟನ್ನೆಲ್ಲ ಗೇರಿಗೆ ದಾಟಿಸುತ್ತದೆ.

ಶಾಫ್ಟು ಮತ್ತು ಪ್ಲೇಟು

ಪಿಟಿಒ ಶಾಫ್ಟಿನ ಎರಡು ಕ್ರಾಸ್‌ನಲ್ಲಿ (ಶಾಫ್ಟು ಬಾಗಿ ತಿರುಗಲು ಬಿಡುವ ಕೂಡುಭಾಗ) ಒಂದರ ಸೂಜಿ ಬೇರಿಂಗ್ ಪುಡಿಯಾಗಿತ್ತು. ಕ್ರಾಸ್ ತರುವಾಗ ಕಪ್ಪಿನ ವ್ಯಾಸ, ತುದಿಯಿಂದ ತುದಿಗೆ ಉದ್ದ, ಎರಡನ್ನೂ ವರ್ನಿಯರಿನಲ್ಲಿ ಅಳೆಯಿರಿ (ಇದು 27 × 74.6). ಹೊರೆ ಹೆಚ್ಚಾದರೆ ತಾನು ಮುರಿದು ಗೇರನ್ನು ಉಳಿಸುವ ಶಿಯರ್ ಬೋಲ್ಟಿನ ತಲೆಯ ಮೇಲೆ 8.8 ಎಂಬ ಗಟ್ಟಿ ದರ್ಜೆ ಕೆತ್ತಿತ್ತು. ಪದೇ ಪದೇ ಮುರಿಯುತ್ತದೆ ಎಂದು ಗಟ್ಟಿಯದನ್ನು ಹಾಕಿದ ಜಾಣ್ಮೆ. ಮುರಿಯುವುದೇ ಅದರ ಕೆಲಸ. ತಯಾರಕರು ಹೇಳಿದ ಮೆತ್ತನೆ ದರ್ಜೆಯದೇ ಹಾಕಿ, ಟೂಲ್ ಬಾಕ್ಸಿನಲ್ಲಿ ಇನ್ನೈದು ಇಟ್ಟುಕೊಳ್ಳಿ. ಒಳ ಹೊರ ಕೊಳವೆ ಕೆಲಸದ ಸ್ಥಿತಿಯಲ್ಲಿ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು, ಸ್ಲ್ಯಾಶರ್ ಎತ್ತಿದಾಗ ತುದಿ ಗುದ್ದಬಾರದು. ಗುದ್ದಿದರೆ ಮುಂದಿನ ಬೇರಿಂಗೂ ಹೋಗುತ್ತದೆ. ಒಂದೇ ಕ್ಲಚ್ಚಿನ ಹಳೆ ಟ್ರ್ಯಾಕ್ಟರಾದರೆ ಓವರ್‌ರನ್ನಿಂಗ್ ಕಪ್ಲರ್ (ಬ್ಲೇಡಿನ ರಭಸ ಟ್ರ್ಯಾಕ್ಟರಿಗೆ ಮರಳದಂತೆ ತಡೆಯುವ ಜೋಡಣೆ) ಇಲ್ಲದೆ ಓಡಿಸಬೇಡಿ. ಕ್ಲಚ್ ಒತ್ತಿದರೂ ಸುತ್ತುತ್ತಿರುವ ಬ್ಲೇಡಿನ ರಭಸ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ, ಬದು ಎದುರಿಗಿದ್ದಾಗ ಇದು ತಮಾಷೆಯಲ್ಲ.

ಗೇರ್‌ಬಾಕ್ಸಿನ ಮುಂದಿನ ಬಲ ಬೋಲ್ಟಿನಿಂದ ಹೊರಟ ಬಿರುಕು 110 ಮಿ.ಮೀ. ಇತ್ತು. ತಂತಿ ಬ್ರಷ್ ಹಾಕಿ ಉಜ್ಜುವವರೆಗೆ ಅದು ಬಣ್ಣದ ಗೆರೆಯಂತಿತ್ತು. ಬಿರುಕು ಮುಗಿಯುವಲ್ಲಿ 4 ಮಿ.ಮೀ. ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಗ್ರೈಂಡರಿನಲ್ಲಿ ವಿ ಆಕಾರಕ್ಕೆ ಕೆತ್ತಿ, ಒಣಗಿಸಿದ 7018 ವೆಲ್ಡಿಂಗ್ ರಾಡಿನಲ್ಲಿ ತುಂಬಿದ್ದಾಯಿತು. ಮೇಲೆ 6 ಮಿ.ಮೀ. ಪ್ಲೇಟಿನ ತೇಪೆ, ಮೂಲೆಗಳು ದುಂಡಗೆ. ಚೂಪು ಮೂಲೆ ಬಿಟ್ಟರೆ ಹೊಸ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಗೇರ್‌ಬಾಕ್ಸ್ ಇಳಿಸದೆ ವೆಲ್ಡ್ ಮಾಡುವುದಾದರೆ ಅರ್ಥ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಿಡಿಸಿ, ದೂರ ಹಿಡಿಸಿದರೆ ಕರೆಂಟು ಬೇರಿಂಗಿನೊಳಗಿಂದ ಹಾದು ರೋಲರ್ ಮೇಲೆ ಕಿಡಿಯ ಗುಳಿ ಬೀಳಿಸುತ್ತದೆ. ನಾಲ್ಕೂ ಎಂ16 ಬೋಲ್ಟು ಹೊಸವು, 8.8 ದರ್ಜೆ. ಬಿರುಕು ನಾಲ್ಕು ಬೋಲ್ಟನ್ನೂ ಸುತ್ತಿಕೊಂಡಿದ್ದರೆ ತೇಪೆ ಸಾಲದು, ಪ್ಲೇಟೇ ಬದಲಾಗಬೇಕು. ಆಗ ಗುಜರಿ ಅಂಗಡಿಗೆ ಫೋನ್ ಮಾಡಬಹುದು.

ಲೆಕ್ಕ

ಅಗಲ 1.5 ಮೀಟರ್, ವೇಗ ಗಂಟೆಗೆ ಮೂರೂವರೆ ಕಿ.ಮೀ., ತಿರುವು ಮತ್ತು ಒಂದರ ಮೇಲೊಂದು ಹಾಯುವುದಕ್ಕೆ ಕಾಲು ಭಾಗ ಕಳೆದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಎಕರೆ. 6 ಎಕರೆ, ನಾಲ್ಕು ಸಲ: ವರ್ಷಕ್ಕೆ 24 ಗಂಟೆ. ಇಲ್ಲಿಂದ ಮುಂದಿನ ರೂಪಾಯಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು, ನಿಮ್ಮೂರಿನ ದರ ಹಾಕಿಕೊಳ್ಳಿ. ಬಾಡಿಗೆ ಗಂಟೆಗೆ 1,200, ಸ್ವಂತದ್ದಾದರೆ ಡೀಸೆಲ್ ಮತ್ತು ಡ್ರೈವರ್ ಸೇರಿ 600. ಉಳಿತಾಯ ವರ್ಷಕ್ಕೆ 14,400. ರಿಪೇರಿ 12,000. ಒಂದೇ ವರ್ಷದಲ್ಲಿ ಬಂತಲ್ಲ ಎಂದು ಇಲ್ಲಿಗೇ ನಿಲ್ಲಿಸಬೇಡಿ. ವೇಬ್ರಿಡ್ಜಿನಲ್ಲಿ 290 ಕೆ.ಜಿ. ತೂಗಿದ ಯಂತ್ರವನ್ನು ಕೆ.ಜಿ.ಗೆ 30ರಂತೆ ಗುಜರಿಗೆ ಹಾಕಿದ್ದರೆ 8,700 ಕೈಗೆ ಬರುತ್ತಿತ್ತು. ಇಟ್ಟುಕೊಂಡರೆ ಅದೂ ಖರ್ಚೇ. ಒಟ್ಟು 20,700, ಅಂದರೆ ಸುಮಾರು ಒಂದೂವರೆ ವರ್ಷ. ಒಳ್ಳೆಯ ಗೇರ್‌ಬಾಕ್ಸಿಗೆ ಇದು ಒಪ್ಪುವ ಲೆಕ್ಕ. ಇದೇ ಯಂತ್ರ ಎರಡು ಎಕರೆಯವರಲ್ಲಿದ್ದರೆ ಅದೇ ಹಣ ವಾಪಸಾಗಲು ನಾಲ್ಕು ವರ್ಷ ಮೀರುತ್ತದೆ. ಅವರು ಮಾರಿ, ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ದರ ವಿಚಾರಿಸುವುದು ಮೇಲು.

ಅಡಿಕೆ ತೋಟಕ್ಕೆ ಬೇರೆ ಮಾತು. 9 ಅಡಿಯ ಸಾಲಿನಲ್ಲಿ 5 ಅಡಿ ಸ್ಲ್ಯಾಶರ್ ನೇರ ಹೋಗುತ್ತದೆ, ಕೊನೆಯಲ್ಲಿ ತಿರುಗುವಾಗ ಮರದ ಬುಡ ಕೆರೆಯುತ್ತದೆ. ಡ್ರಿಪ್ ಪೈಪು ಸಾಲಿನ ನಡುವೆ ಮಲಗಿದ್ದರಂತೂ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಮಾರಿ. ಮಿನಿ ಟ್ರ್ಯಾಕ್ಟರಿಗೆ 4 ಅಡಿಯದು, ಇಲ್ಲವೇ ಬ್ರಷ್ ಕಟರ್ ಅಲ್ಲಿಗೆ ಸರಿ. ತೆಂಗಿನ ಗರಿ, ಮಟ್ಟೆ ಪುಡಿಯಾಗಬೇಕು ಎನ್ನುವವರಿಗೂ ಇದು ಅಲ್ಲ, ಅದು ಮಲ್ಚರ್ ಕೆಲಸ.

ಮಾರುವುದೇ ಗಟ್ಟಿಯಾದರೆ ಗೇರ್‌ಬಾಕ್ಸ್ ರಿಪೇರಿಗೆ ಕೈ ಹಾಕಬೇಡಿ, ಆ ಖರ್ಚು ಕೊಳ್ಳುವವರು ಕೊಡುವುದಿಲ್ಲ. ಬಣ್ಣವೂ ಬೇಡ. ಹೊಸ ಬಣ್ಣ ಕಂಡರೆ ಅಡಿಯಲ್ಲಿ ಏನು ಮುಚ್ಚಿದ್ದಾರೋ ಎಂಬ ಅನುಮಾನವೇ ಮೊದಲು. ಮುಂಗಾರು ಹುಲ್ಲು ಮೊಣಕಾಲಿಗೆ ಬರುವ ಹೊತ್ತಿಗೆ ಕೇಳುವವರು ತಾವಾಗಿ ಬರುತ್ತಾರೆ, ಫೆಬ್ರವರಿಯಲ್ಲಿ ಮಾರಿದರೆ ಕಬ್ಬಿಣದ ಬೆಲೆಯೇ ಗತಿ. ಗುಜರಿಗೆ ಹಾಕುವುದಾದರೆ ಪಿಟಿಒ ಶಾಫ್ಟು, ಲಿಂಕ್ ಪಿನ್ನುಗಳನ್ನು ಇಳಿಸಿಕೊಂಡು ಹಾಕಿ, ಸ್ಪ್ಲೈನ್ ಮತ್ತು ಉದ್ದ ಹೊಂದಿದರೆ ಆ ಶಾಫ್ಟು ಬೇರೆ ಸಲಕರಣೆಗೂ ಆಗುತ್ತದೆ.

ಓಡಿಸಿ ನೋಡಿದ್ದು

ಮುಂದಿನ ಅಂಚು ಹಿಂದಿನದಕ್ಕಿಂತ 15 ಮಿ.ಮೀ. ಕೆಳಗಿರುವಂತೆ ಟಾಪ್ ಲಿಂಕ್ (ಮೂರು ಲಿಂಕಿನಲ್ಲಿ ಮೇಲಿನದು) ಹೊಂದಿಸಿದ್ದಾಯಿತು. ಮಟ್ಟವಾಗಿಟ್ಟರೆ ಬ್ಲೇಡು ಹಿಂದೆಯೂ ಹುಲ್ಲನ್ನು ಎರಡನೇ ಸಲ ಹೊಡೆದು ಶಕ್ತಿ ತಿನ್ನುತ್ತದೆ. ಮುಂದೆ ಹಿಂದೆ ಚೈನ್ ಪರದೆ ಪೂರ್ತಿ, ನೂರು ಮೀಟರ್ ಸುತ್ತ ಯಾರೂ ಇಲ್ಲ. ಹತ್ತು ನಿಮಿಷ ಕಡಿಮೆ ವೇಗ, ಆಮೇಲೆ 540. ನಡುಕ ಇಲ್ಲ. ಅರ್ಧ ಗಂಟೆಯ ನಂತರ ಗೇರ್‌ಬಾಕ್ಸ್ ಬಿಸಿ ಇತ್ತು, ಆದರೆ ಕೈ ಇಡಬಹುದಿತ್ತು, ಸೀಲಿನ ಕೆಳಗೆ ಒಣ. ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲು ಒಂದು ಸುತ್ತು ಹೊಡೆದಾಯಿತು. ಎರಡು ಗಂಟೆ ಓಡಿದ ಮೇಲೆ ಕ್ಯಾಸಲ್ ನಟ್ ಕಾಲು ಸುತ್ತು ಬಿಗಿಯಿತು, ಎಂಟು ಗಂಟೆಗೆ ಒಂದು ಕಚ್ಚು. ಹದಿನಾರು ಗಂಟೆಗೆ ಪೈಪು ಹಾಕಿ ಜೋತುಬಿದ್ದರೂ ಅಲುಗಲಿಲ್ಲ, ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಿಚಿದ್ದಾಯಿತು.